ತೂಗಿದ ಗೆರೆ

ನಮ್ಮೂರಿನಲ್ಲಿ ಗಾಲಿ ಉರುಳಿದಲ್ಲೆಲ್ಲ ಗೆರೆ ಬೀಳುತ್ತದೆ. ಸೈಕಲ್ಲಿನದು ಎಳೆ ನೂಲಿನಂಥದು, ಸ್ಕೂಟರಿನದು ಬೆರಳಗಲ, ಬಸ್ಸು ಲಾರಿಗಳದು ಅಂಗೈ ಅಗಲದ ಜೋಡಿಗೆರೆ. ಬಣ್ಣ ರಂಗೋಲಿ ಪುಡಿಯ ಬಿಳಿ. ಬೆಳಗ್ಗೆ ಬಿದ್ದದ್ದು ಸಂಜೆ ದೀಪ ಹಚ್ಚುವ ತನಕ ಹಾಗೇ ಇರುತ್ತದೆ. ಉಜ್ಜಿದರೂ ಹೋಗುವುದಿಲ್ಲ, ಕೊಡಗಟ್ಟಲೆ ನೀರು ಸುರಿದರೂ ಹೋಗುವುದಿಲ್ಲ. ದೀಪ ಹಚ್ಚಿ ತಿರುಗಿ ನೋಡಿದರೆ ಇಲ್ಲ. ಒಂದರ ಮೇಲೊಂದು ಬಿದ್ದಾಗ ಯಾವುದು ಯಾರದೆಂದು ಬಿಡಿಸಿ ಹೇಳುವುದು ಹೊಸಬರಿಗೆ ಕಷ್ಟ, ಕಲಿತವರಿಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ಸಲೀಸು.

ಹೀಗಾಗಿ ನಮ್ಮಲ್ಲಿ ಯಾವ ಗಂಡನೂ ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಹೇಳಿ ಸ್ಕೂಟರಿನಲ್ಲಿ ವಡೆ ಅಂಗಡಿಗೆ ಹೋಗಲಾರ. ಮುಚ್ಚಿಡುವ ಕೆಲಸ ಇದ್ದವರು ನಡೆದೇ ಹೋಗುತ್ತಾರೆ. ನಮ್ಮೂರಿನ ಗಂಡಸರು ಒಣಕಲಾಗಿ ಗಟ್ಟಿಮುಟ್ಟಾಗಿರುವುದು ಇದಕ್ಕೇ ಎಂದು ನನ್ನ ಅನುಮಾನ. ಹೆಣ್ಣು ಕೊಡುವವರು ಹುಡುಗನ ಮುಖ ನೋಡುವ ಮೊದಲು ಅವನ ಗೆರೆ ನೋಡಿ ಬರುತ್ತಾರೆ. ಒಮ್ಮೆ ಹೊರಗಿನಿಂದ ಬಂದ ಪೊಲೀಸಿನವರು ಕುಡಿದವರನ್ನು ಹಿಡಿಯಲು ಊದುವ ಯಂತ್ರ ತಂದಿದ್ದರು. "ಬಾಯ್ಯಾಕೆ ಮೂಸ್ತೀರ ಸ್ವಾಮಿ, ರಸ್ತೆ ನೋಡಿ" ಎಂದು ನಮ್ಮವರು ನಕ್ಕರು. ಪಾಪ, ಅವರು ರಸ್ತೆ ನೋಡಿದರು, ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಕುಡಿದವನ ಗೆರೆ ಎಂಥದೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಗಾಡಿ ಮೆಲ್ಲಗೆ ಒಂದು ಕಡೆಗೆ ವಾಲುತ್ತದೆ, ವಾಲಿದ್ದು ಅವನಿಗೆ ತಡವಾಗಿ ತಿಳಿಯುತ್ತದೆ, ತಿಳಿದ ಕೂಡಲೇ ಗಡಬಡಿಸಿ ಈಚೆಗೆ ಎಳೆಯುತ್ತಾನೆ. ತಿರುವಿನಲ್ಲಿ ಮದುವೆ ಮೆರವಣಿಗೆ ತಿರುಗಿಸುವಷ್ಟು ಜಾಗ ತೆಗೆದುಕೊಳ್ಳುತ್ತಾನೆ. ಕೆಂಪು ದೀಪ ಇನ್ನೂ ಅಷ್ಟು ದೂರವಿರುವಾಗಲೇ ನಿಂತುಬಿಡುತ್ತಾನೆ, ಹಸಿರು ಬಂದ ಮೇಲೂ ಯಾರನ್ನೋ ಕಾಯುವವನ ಹಾಗೆ ನಿಂತೇ ಇರುತ್ತಾನೆ. ನಿಂತಲ್ಲಿ ಗೆರೆ ದಪ್ಪಗೆ ಗುಪ್ಪೆಯಾಗಿರುತ್ತದೆ. ಖಾಲಿ ರಸ್ತೆಯಲ್ಲೂ ಎತ್ತಿನಗಾಡಿಯ ಹಾಗೆ ಹೋಗುತ್ತಾನೆ. ಇಷ್ಟಕ್ಕೂ ಸೇರಿಸಿ ನಮ್ಮಲ್ಲಿ ಒಂದೇ ಮಾತು: ತೂಗಾಟ. "ಅವನ ಗೆರೆ ತೂಗಾಡಿದೆ" ಎಂದರೆ ಅವನು ಕುಡಿದು ಓಡಿಸಿದ್ದಾನೆ ಎಂದೇ ಅರ್ಥ.

ಈ ವಿಚಾರಣೆಗೆಂದೇ ನಾಲ್ಕುದಾರಿ ಸೇರುವಲ್ಲಿ ತಗಡಿನ ಚಪ್ಪರದ ಕೆಳಗೆ ಗೆರೆಕಟ್ಟೆ ಇದೆ. ಸಾಕ್ಷಿ ಸಂಜೆಗೆ ಅಳಿಸಿಹೋಗುವುದರಿಂದ ವಾಯಿದೆ ಅನ್ನುವ ಮಾತೇ ಅಲ್ಲಿಲ್ಲ. ಮೂರು ಸಲ ತೂಗಾಟ ಸಾಬೀತಾದರೆ ಆ ಮನುಷ್ಯ ಬದುಕಿರುವವರೆಗೆ ಗಾಲಿ ಮುಟ್ಟುವಂತಿಲ್ಲ. ಬಸ್ಸು ಹಾಗಿರಲಿ, ಸೈಕಲ್ಲೂ ಇಲ್ಲ, ತಳ್ಳುಗಾಡಿಯೂ ಇಲ್ಲ. ಗಾಲಿ ಬಿಟ್ಟ ಚಿಕ್ಕೀರಯ್ಯ ಇವತ್ತಿಗೂ ಸಂತೆಯಿಂದ ಕುಂಬಳಕಾಯಿಗಳನ್ನು ತಲೆಯ ಮೇಲೆ ಹೊತ್ತು ಬರುವುದನ್ನು ನೀವು ನೋಡಬಹುದು.

ನಾನು ಆ ಕಟ್ಟೆಯಲ್ಲಿ ಗೆರೆ ಓದುವವಳು. ಹೆಸರು ಸಾಕಮ್ಮ. ರಂಗೋಲಿಯಲ್ಲಿ ಕೈ ಪಳಗಿದ ಹೆಂಗಸರಿಗೇ ಈ ಕೆಲಸ ಕೊಡುವುದು ಮೊದಲಿನಿಂದ ಬಂದ ರೂಢಿ. ಗೆರೆಯ ಆಕಾರ ಹೇಳುವುದಷ್ಟೇ ನನ್ನ ಪಾಲಿನದು. ಕುಡಿದಿದ್ದನೋ ಇಲ್ಲವೋ ಎನ್ನುವುದು ಯಜಮಾನರ ಬಾಯಿಂದ ಬರಬೇಕು. ನನ್ನ ಕಣ್ಣಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಹೇಳದೆ ಇರಲೂ ಆಗುವುದಿಲ್ಲ: ನನಗೆ ಓದಲು ಬಾರದ ಗೆರೆ ನಮ್ಮೂರ ರಸ್ತೆಗಳ ಮೇಲೆ ಬಿದ್ದಿರಲಿಲ್ಲ. ಅಂಕಯ್ಯನ ಗೆರೆ ಬೀಳುವ ತನಕ.

ಅಂಕಯ್ಯ ಮಿಲ್ಲಿನ ಬಸ್ಸಿನ ಡ್ರೈವರು. ಊರಾಚೆಯ ನೂಲಿನ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿದ ಹೆಂಗಸರನ್ನು ಸೂರ್ಯ ಹುಟ್ಟುವ ಹೊತ್ತಿಗೆ ಹತ್ತಿಸಿಕೊಂಡು, ಕೆರೆ ಏರಿಯ ಮೇಲೆ ಬಂದು, ಸೇತುವೆ ದಾಟಿ, ನಾಲ್ಕುದಾರಿಯಲ್ಲಿ ಇಳಿಸುವುದು ಅವನ ಕೆಲಸ. ಒಂದು ಕಾಲದಲ್ಲಿ ಅವನು ಚೆನ್ನಾಗಿಯೇ ಕುಡಿಯುತ್ತಿದ್ದ. ಮುಚ್ಚುಮರೆ ಮಾಡಿದವನಲ್ಲ, ಎಲ್ಲರೆದುರೇ ಕುಡಿದು ಎಲ್ಲರೆದುರೇ ಬೀಳುತ್ತಿದ್ದ. ಆಗ ಕಟ್ಟೆಗೆ ಬಂದು ಒಂದು ತೂಗಾಟ ಅವನ ಹೆಸರಿಗೆ ಬಿದ್ದಿತ್ತು. ಆಮೇಲೆ ಒಂದು ದಿನ ಬಿಟ್ಟುಬಿಟ್ಟ. ಯಾಕೆ ಬಿಟ್ಟೆ ಎಂದರೆ "ಸುಮ್ನೆ" ಎನ್ನುತ್ತಿದ್ದ. ಸುಮ್ಮನೆ ಬಿಟ್ಟವನನ್ನು ಯಾರು ನಂಬುತ್ತಾರೆ? ಹರಕೆ ಹೊತ್ತು ಬಿಟ್ಟೆ ಅಂದಿದ್ದರೆ ನಂಬುತ್ತಿದ್ದರೇನೋ.

ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಗೆರೆ ಕೆಡತೊಡಗಿತು. ಏರಿಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಸೇತುವೆಯ ತಿರುವಿನಲ್ಲಿ ಹೊಲದ ಬದುವಿನ ತನಕ. ಕೆಂಪು ದೀಪಕ್ಕೆ ಬಹಳ ಮೊದಲೇ ಒಂದು ಗುಪ್ಪೆ. ಹಿಂದಿನಿಂದ ಬರುತ್ತಿದ್ದ ಇಟ್ಟಿಗೆ ಲಾರಿಯವನು ರೋಸಿಹೋಗಿ ಕಟ್ಟೆಗೆ ದೂರು ಕೊಟ್ಟ. ನನ್ನನ್ನು ಕರೆದರು. ನಾನು ಆ ಗೆರೆಯ ಪಕ್ಕದಲ್ಲಿ ನಡೆದು ನೋಡಿ ಬಂದು ಹೇಳಿದೆ: "ಗೆರೆ ತೂಗಿದೆ, ಯಜಮಾನ್ರೆ."

ಯಜಮಾನರೆಂದರೆ ಕರಿಬಸಪ್ಪನವರು. ನ್ಯಾಯದ ಮನುಷ್ಯ, ಆದರೆ ಸಿಡುಕು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ನಿದ್ದೆಯೇ ಇಲ್ಲ. ಗಸಗಸೆ ಪಾಯಸ ಕುಡಿದರು, ಜಾಯಿಕಾಯಿ ತೇದು ನೆಕ್ಕಿದರು, ತಲೆಗೆ ಎಣ್ಣೆ ತಟ್ಟಿಸಿಕೊಂಡರು. ಬಂದದ್ದು ಕೋಳಿನಿದ್ದೆ ಮಾತ್ರ. ಕೆಂಪಡರಿದ ಕಣ್ಣುಗಳನ್ನು ನನ್ನ ಮೇಲಿಂದ ತೆಗೆದು ಅಂಕಯ್ಯನ ಕಡೆ ತಿರುಗಿಸಿದರು. "ತೂಗಾಡಿದೆ ಅಂತೆ. ಏನಂತೀಯ?"

"ಏನಿಲ್ಲ, ಯಜಮಾನ್ರೆ."

"ಕುಡಿದಿದ್ಯಾ?"

"ಇಲ್ಲ."

"ಮತ್ಯಾಕೆ ಹಿಂಗೆ?"

ಅಂಕಯ್ಯ ಬಾಯಿ ಬಿಟ್ಟು ಒಂದು ಮಾತು ಆಡಿದ್ದರೆ, ಸ್ಟೇರಿಂಗು ಎಳೆಯುತ್ತೆ, ಟೈರು ಸವೆದಿದೆ ಎಂದು ಸುಳ್ಳಾದರೂ ಹೇಳಿದ್ದರೆ ಕೇಳುತ್ತಿದ್ದರು. ಅವನು ಕಂಬದ ಹಾಗೆ ನಿಂತಿದ್ದ. ಎರಡನೆಯ ತೂಗಾಟ ಅವನ ಹೆಸರಿಗೆ ಬಿತ್ತು. ರೂಢಿಯಂತೆ ಮುಂದಿನ ಸೋಮವಾರದ ತನಕ ಗಾಲಿ ಮುಟ್ಟಬಾರದೆಂದಾಯಿತು. ಅವನ ಹೆಂಡತಿ ಚೆನ್ನಾಜಮ್ಮ ಕಟ್ಟೆಯ ಕೆಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ಸಾಕಕ್ಕ, ನನ್ನ ಮಕ್ಕಳಾಣೆಗೂ ಅವ್ರು ಕುಡಿಯಲ್ಲ. ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಇರ್ತಾರೆ, ನಂಗೆ ವಾಸನೆ ಗೊತ್ತಾಗಲ್ವ?" ಎಂದಳು. ನಾನೇನು ಹೇಳಲಿ? ನಾನು ಹೇಳಿದ್ದು ತೂಗಿದೆ ಎಂದು. ಕೇಳಿದವರು ತೂಗಾಡಿದೆ ಎಂದು ಕೇಳಿಸಿಕೊಂಡರು. ಎರಡರ ನಡುವೆ ಏನೋ ಇದೆ ಎಂದು ನನಗೆ ಅನ್ನಿಸಿತ್ತು, ಏನೆಂದು ತಿಳಿದಿರಲಿಲ್ಲ.

ಆ ವಾರ ಬಸ್ಸು ಓಡಿಸಿದವನು ಪುಟ್ಟರಾಜು. ಅವನ ಗೆರೆ ನೋಡಲು ಜನ ಎದ್ದು ಬಂದರು, ಅಷ್ಟು ನೆಟ್ಟಗಿತ್ತು! ಮಿಲ್ಲಿನ ಗೇಟಿನಿಂದ ನಾಲ್ಕುದಾರಿಯವರೆಗೆ ದಾರ ಹಿಡಿದು ಎಳೆದ ಹಾಗೆ. ಹಳ್ಳ ಬಂದರೆ ಹಳ್ಳದ ಮೇಲೆ, ಉಬ್ಬು ಬಂದರೆ ಉಬ್ಬಿನ ಮೇಲೆ, ಕೆಂಪು ದೀಪದ ಪಟ್ಟಿಗೆ ಮೂಗು ತಾಗಿಸಿ ನಿಂತಿದ್ದ. ಯಾರೋ ಒಬ್ಬಾಕೆ ಆ ಗೆರೆಗೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದಳು. "ಓಡಿಸಿದ್ರೆ ಹಿಂಗೆ ಓಡಿಸ್ಬೇಕು" ಎಂದು ಹೋಟೆಲಿನಲ್ಲಿ ಪುಟ್ಟರಾಜುವಿಗೆ ಪುಕ್ಕಟೆ ಕಾಫಿ ಕೊಟ್ಟರು.

ಆದರೆ ಆ ವಾರ ಊರಿನಲ್ಲಿ ಏನೋ ಹದ ತಪ್ಪಿತು. ಬೀದಿಯಲ್ಲಿ ನಡೆದರೆ ಮನೆಮನೆಯಿಂದ ಸೀದ ಹಾಲಿನ ವಾಸನೆ. ಶಾಲೆಗೆ ಹೊರಟ ಮಕ್ಕಳು ಕಾರಣವಿಲ್ಲದೆ ಏಟು ತಿಂದು ಅಳುತ್ತಾ ಹೋಗುತ್ತಿದ್ದವು. ನಲ್ಲಿಯ ಹತ್ತಿರ ಕೊಡದ ಸಾಲಿಗಾಗಿ ಜಡೆ ಹಿಡಿದು ಜಗಳವಾಯಿತು. ನಮ್ಮ ಪಕ್ಕದ ಮನೆಯ ಹಲೀಮಾ ಮಿಲ್ಲಿನಲ್ಲಿ ನೂಲು ಸುತ್ತುವವಳು, ಇರುವೆಗೂ ಗದರಿದವಳಲ್ಲ. ಅವಳು ಆ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿ, ಕೇಳಿದ ಗಂಡನ ಮುಂದೆ ಸೌಟು ಎಸೆದಳು. ಅವಳ ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು.

"ಇದೇನೇ ಇದು?"

"ಬಸ್ಸಿನ ಕಿಟಕಿ ಸರಳು ಬಡೀತು, ಸಾಕಕ್ಕ. ದಿನಾ ಬಡೀತದೆ ಈಗ. ನನ್ನೊಬ್ಬಳಿಗೇ ಅಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ನನ್ನ ಮುಖದ ಮೇಲೆ ಹಲೀಮಾ ಬಾಗಿಲು ಹಾಕಿದ್ದು ಅದೇ ಮೊದಲು.

ಸೋಮವಾರ ಅಂಕಯ್ಯ ಮತ್ತೆ ಬಸ್ಸು ಹತ್ತಿದ. ಊರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿತ್ತು. ಬುದ್ಧಿ ಇದ್ದವನು ಅವತ್ತು ಒಂದು ದಿನವಾದರೂ ನೆಟ್ಟಗೆ ಓಡಿಸುತ್ತಿದ್ದ. ಗೆರೆ ನೋಡಿದರೆ ಅದೇ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಹೊಲದ ಬದುವಿನ ತನಕ ತಿರುವು, ದೀಪಕ್ಕೆ ಬಹಳ ಮೊದಲೇ ಗುಪ್ಪೆ. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮೂರನೆಯ ವಿಚಾರಣೆಗೆ ಸಾಕ್ಷಿ ಕರೆಯಲೇಬೇಕು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಬಂದು ಒಂದು ಪಕ್ಕಕ್ಕೆ ನಿಂತಿದ್ದರು. ಅವತ್ತು ಅವರ ಮುಖಗಳು ತೊಳೆದಿಟ್ಟ ಹಾಗಿದ್ದವು.

ಯಜಮಾನರು ಹಲೀಮಾಳನ್ನೇ ಮೊದಲು ಕೇಳಿದರು. "ಇವತ್ತು ಬಸ್ಸು ತೂಗಾಡ್ತಾ ಬಂತೇನಮ್ಮ?"

"ಗೊತ್ತಿಲ್ಲ, ಯಜಮಾನ್ರೆ."

"ಗೊತ್ತಿಲ್ಲ ಅಂದ್ರೆ? ಬಸ್ಸಲ್ಲಿ ನೀನಿರ್ಲಿಲ್ವ?"

"ಇದ್ದೆ. ನಿದ್ದೆ ಹತ್ತಿಬಿಟ್ಟಿತ್ತು."

ಜನ ನಕ್ಕರು. ಎರಡನೆಯವಳನ್ನು ಕೇಳಿದರು. ಅವಳೂ ನಿದ್ದೆ ಮಾಡಿದ್ದಳು. ಮೂರನೆಯವಳು ಗೇಟು ದಾಟಿದ್ದು ನೆನಪಿದೆ, ಆಮೇಲೆ ನಾಲ್ಕುದಾರಿಯೇ ಎಂದಳು. ಮುದುಕಿ ದ್ಯಾವಮ್ಮ "ನಾನು ಅಡಿಕೆಲೆ ಬಾಯಿಗೆ ಹಾಕ್ಕೊಂಡಿದ್ದೇ ನೆನಪು. ಇಳಿಯುವಾಗ ಹಂಗೇ ಬಾಯಲ್ಲಿತ್ತು, ಜಗಿದೇ ಇರ್ಲಿಲ್ಲ" ಎಂದಳು. ನಗು ಜೋರಾಯಿತು. ಕರಿಬಸಪ್ಪನವರಿಗೆ ಮಾತ್ರ ನಗು ಬರಲಿಲ್ಲ. ನಿದ್ದೆಯ ಸುದ್ದಿ ಕೇಳಿದರೆ ಅವರಿಗೆ ಮೊದಲೇ ಹೊಟ್ಟೆಯುರಿ.

"ಒಬ್ಬಳಾದ್ರೂ ಎಚ್ಚರ ಇದ್ಲೇನ್ರಮ್ಮ?"

ಹೆಂಗಸರು ನೆಲ ನೋಡಿದರು.

"ಬಸ್ಸು ತುಂಬ ಸಾಕ್ಷಿ, ಒಂದೂ ಸಾಕ್ಷಿ ಅಲ್ಲ" ಎಂದು ಯಜಮಾನರು ಹಣೆ ಒತ್ತಿಕೊಂಡರು. "ಇವನ ಪರ ಹೇಳೋಕೆ ಯಾರೂ ಇಲ್ಲ ಅಂತಾಯ್ತು. ಸಾಕಮ್ಮ, ಗೆರೆ ಏನನ್ನುತ್ತೆ ಹೇಳಿಬಿಡು."

ನಾನು ಬಾಯಿ ತೆರೆದವಳು ಹಲೀಮಾಳ ಹಣೆ ನೋಡಿದೆ. ಬುಗುಟು ಇಳಿಯುತ್ತಾ ಬಂದಿತ್ತು. ನೋಡುತ್ತಿದ್ದ ಹಾಗೇ ನನಗೆ ಹೊಳೆಯಿತು: ನೆಟ್ಟಗಿನ ಗೆರೆಯ ವಾರ ಬುಗುಟು ಬಂದಿತ್ತು, ತೂಗಿದ ಗೆರೆಯ ದಿನ ನಿದ್ದೆ ಬಂದಿತ್ತು. ತಿರುಗಿ ಅಂಕಯ್ಯನನ್ನು ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ನನಗೆ ಹೊಳೆದದ್ದು ಅವನಿಗೂ ಹೊಳೆದುಹೋಯಿತು ಎಂದು ಕಾಣುತ್ತದೆ, ಬೇಡ ಎನ್ನುವ ಹಾಗೆ ತಲೆಯಾಡಿಸಿದ.

"ಇನ್ನೊಂದ್ಸಲ ನೋಡ್ಬೇಕು, ಯಜಮಾನ್ರೆ" ಎಂದೆ. "ಇವನೂ ಜೊತೇಲಿ ಬರ್ಲಿ."

"ಬೇಗ ಬಾ. ದೀಪ ಹಚ್ಚೋ ಹೊತ್ತಾಗುತ್ತೆ."

ಅಂಕಯ್ಯನನ್ನು ಕರೆದುಕೊಂಡು ಸೇತುವೆಯ ತನಕ ನಡೆದೆ. ಈ ಸಲ ಗೆರೆಯನ್ನು ಮಾತ್ರವಲ್ಲ, ಗೆರೆ ಮುಟ್ಟದೆ ಬಿಟ್ಟದ್ದನ್ನೂ ನೋಡಿದೆ. ಕುಡಿದವನ ಹಾಗೆ ವಾಲಿ ಗಡಬಡಿಸಿ ಎಳೆದದ್ದು ಎಲ್ಲೂ ಇರಲಿಲ್ಲ. ಹಳ್ಳ ಬರುವ ಬಹಳ ಮೊದಲೇ ಗೆರೆ ಮೆಲ್ಲಗೆ ಸರಿದು, ಹಳ್ಳವನ್ನು ಬಳಸಿ, ಅಷ್ಟೇ ಮೆಲ್ಲಗೆ ಹಿಂದಕ್ಕೆ ಬಂದಿತ್ತು. ಆ ಬಾಗು ಈ ಬಾಗಿನ ಕನ್ನಡಿಯಂತಿತ್ತು. ನನ್ನ ಕೈ ರಂಗೋಲಿಯಲ್ಲಿ ತೊಟ್ಟಿಲು ಬರೆಯುವಾಗ ಹೋಗುವುದು ಹೀಗೆಯೇ.

"ಅಂಕಯ್ಯ, ಅವ್ರು ನಿದ್ದೆ ಮಾಡ್ಲಿ ಅಂತ ಹಿಂಗೆ ಓಡಿಸ್ತೀಯ?"

ಅವನು ಸೇತುವೆಯ ಕಲ್ಲಿನ ಮೇಲೆ ಕೂತು ಹೇಳಿದ. "ಕುಡೀತಿದ್ದಾಗ ಒಂದಿನ ಕನ್ನಡೀಲಿ ಹಿಂದಕ್ಕೆ ನೋಡ್ದೆ ಕಣಕ್ಕ. ಒಬ್ಬಳೂ ರೆಪ್ಪೆ ಮುಚ್ಚಿರ್ಲಿಲ್ಲ. ಎಲ್ರೂ ಮುಂದಿನ ಸರಳು ಹಿಡ್ಕೊಂಡು ನನ್ನ ಬೆನ್ನೇ ನೋಡ್ತಿದ್ರು. ರಾತ್ರಿಯೆಲ್ಲ ನಿಂತು ದುಡಿದೋರು. ಮನೆಗೋದ್ರೆ ಒಲೆ, ಮಕ್ಳು, ಬಟ್ಟೆ. ಇವ್ರಿಗೆ ನಿದ್ದೆ ಅಂತ ಇರೋದು ಈ ಬಸ್ಸಲ್ಲೇ, ಅದನ್ನೂ ನಾನು ಕಿತ್ಕೊಂಡಿದೀನಲ್ಲ ಅನ್ನಿಸ್ತು. ಬಿಟ್ಬಿಟ್ಟೆ. ಬಿಟ್ಟು ಸ್ವಲ್ಪ ದಿನಕ್ಕೆ ಕನ್ನಡೀಲಿ ನೋಡಿದ್ರೆ ಒಬ್ಳು ತೂಕಡಿಸ್ತಾ ಇದ್ಲು. ನನ್ನ ಬಸ್ಸಲ್ಲಿ! ಅವ್ಳು ಎಚ್ಚರಾಗ್ಬಾರ್ದು ಅಂತ ಹಳ್ಳ ಬಳಸ್ತಾ ಬಂದೆ. ಆಮೇಲೆ ಇಬ್ರು. ಈ ಬೇಸಿಗೇಲಿ ಎಲ್ರೂ."

"ಇದನ್ನ ಕಟ್ಟೇಲಿ ಹೇಳೋಕೇನೋ ನಿಂಗೆ?"

"ಹೇಳಿದ್ರೆ ಅವ್ರಿಗೂ ಗೊತ್ತಾಗುತ್ತೆ. ಒಬ್ಬ ಗಂಡಸು ಕನ್ನಡೀಲಿ ನೋಡ್ಕೊಂಡು ತಮ್ಮನ್ನ ಮಲಗಿಸ್ತಾನೆ ಅಂದ್ರೆ ಯಾವ ಹೆಂಗಸು ಕಣ್ಣು ಮುಚ್ತಾಳೆ? ನಾಚ್ಕೊಂಡು ನೆಟ್ಟಗೆ ಕೂತ್ಬಿಡ್ತಾರೆ. ನಂಗೆ ಗಾಲಿ ಹೋದ್ರೂ ಹೋಗ್ಲಿ. ನೀವು ಹೇಳ್ಬೇಡಿ ಸಾಕಕ್ಕ, ನಿಮ್ ಕಾಲಿಗೆ ಬೀಳ್ತೀನಿ."

ಗಾಲಿ ಹೋದರೆ ಅವರ ನಿದ್ದೆಯೂ ಹೋಗುತ್ತದಲ್ಲೋ ಮಂಕೆ ಎಂದು ಬೈಯಬೇಕೆನಿಸಿತು. ಅವನ ಮುಖ ನೋಡಿ ಬೈಯಲಾಗಲಿಲ್ಲ. ಹೇಳಿದರೂ ನಿದ್ದೆ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಆಮೇಲೆ ಕಟ್ಟೆಯ ಹಳೆಯ ರೂಢಿಯೊಂದು ನೆನಪಿಗೆ ಬಂತು. ಅದನ್ನು ಯಾರೂ ಬಳಸಿರಲಿಲ್ಲ, ಬಳಸಿದರೆ ಗೆರೆ ಓದುವವಳಿಗೆ ಅದು ಮಾನ ಹೋಗುವ ಕೆಲಸ.

ಕಟ್ಟೆಗೆ ವಾಪಸು ಬಂದು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದೆ. "ಯಜಮಾನ್ರೆ, ಈ ಗೆರೆ ನಂಗೆ ಓದೋಕೆ ಬರ್ತಾ ಇಲ್ಲ."

ಊರಿನಲ್ಲೆಲ್ಲ ಗುಸುಗುಸು ಎದ್ದಿತು. ಸಾಕಮ್ಮನಿಗೆ ವಯಸ್ಸಾಯ್ತು, ಸಾಕಮ್ಮನಿಗೆ ಪೊರೆ ಬಂದಿದೆ, ಸಾಕಮ್ಮನ ಕಣ್ಣು ಅಂದ್ರೆ ಇಷ್ಟೇನಾ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ನಿಂತೆ. ಓದುವವಳಿಗೆ ಬಾರದ ಗೆರೆಯಾದರೆ ಯಜಮಾನರೇ ಆ ಗಾಡಿಯಲ್ಲಿ ಕೂತು ಬಂದು ತೀರ್ಪು ಹೇಳಬೇಕು, ಓದುವವಳು ಜೊತೆಗಿರಬೇಕು. ರೂಢಿ ಅದು. ಕರಿಬಸಪ್ಪನವರು ಎದ್ದು ನಿಂತು ಪಂಚೆ ಕೊಡವಿದರು. "ಆಯ್ತು. ನಾಳೆ ಬೆಳಗ್ಗೆ ನಾನು ಬರ್ತೀನಿ. ನಾನಂತೂ ನಿದ್ದೆ ಮಾಡೋನಲ್ಲ" ಎಂದರು. ಜನ ನಕ್ಕರು. ಅದನ್ನು ಅವರು ತಮಾಷೆಗೆ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ಮಿಲ್ಲಿನ ಗೇಟಿನಲ್ಲಿ ಬಸ್ಸು ಹತ್ತಿದೆವು. ಯಜಮಾನರು ಡ್ರೈವರಿನ ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಕೋಲನ್ನು ಎರಡು ಮಂಡಿಗಳ ನಡುವೆ ಊರಿ ಕೂತರು. ನಾನು ಅವರ ಆಚೆಬದಿಗೆ. ಹೆಂಗಸರು ಹತ್ತಿದರು, ತಲೆಗೂದಲಿನಲ್ಲಿ ಹತ್ತಿಯ ಎಳೆಗಳು, ಕೈಯಲ್ಲಿ ಖಾಲಿ ಡಬ್ಬಿ. ಯಜಮಾನರನ್ನು ನೋಡಿ ಸ್ವಲ್ಪ ಹೊತ್ತು ಗುಸುಗುಟ್ಟಿ ಸುಮ್ಮನಾದರು. ಬಸ್ಸು ಗೇಟು ದಾಟಿತು.

ಮೊದಲು ನನಗೇನೂ ತಿಳಿಯಲಿಲ್ಲ. ಬಸ್ಸು ಹೊರಟಿದ್ದೇ ಗೊತ್ತಾಗಿರಲಿಲ್ಲ, ಕಿಟಕಿಯಾಚೆ ಕಂಬ ಹಿಂದಕ್ಕೆ ಹೋದಾಗ ತಿಳಿಯಿತು. ಏರಿಯ ಮೇಲೆ ಬಂದಾಗ ಬಸ್ಸು ಬಲಕ್ಕೆ ಸರಿಯಿತು, ಕೆರೆ ಕಿಟಕಿಯೊಳಗೆ ಬಂತು. ಎಡಕ್ಕೆ ಸರಿಯಿತು, ಗದ್ದೆ ಬಂತು. ಯಾವುದೂ ಕುಲುಕಲಿಲ್ಲ. ನಮ್ಮೂರಿನ ರಸ್ತೆ ನನಗೆ ಗೊತ್ತು, ಅದರ ಒಂದೊಂದು ಹಳ್ಳವೂ ಗೊತ್ತು. ಅಷ್ಟು ಹಳ್ಳಗಳಲ್ಲಿ ಒಂದೂ ನಮ್ಮನ್ನು ಮುಟ್ಟಲಿಲ್ಲ. ಹುಣಸೆಮರ ದಾಟುವಾಗ ಹಿಂದೆ ತಿರುಗಿ ನೋಡಿದೆ.

ಎಲ್ಲರೂ ಮಲಗಿದ್ದರು. ಒಬ್ಬಳ ತಲೆ ಇನ್ನೊಬ್ಬಳ ಭುಜದ ಮೇಲೆ, ಆ ಭುಜದವಳ ತಲೆ ಕಿಟಕಿಯ ಸರಳಿಗೆ ಒರಗಿ, ಸರಳು ಅವಳ ಹಣೆಗೆ ಒಮ್ಮೆಯೂ ಬಡಿಯದೆ. ದ್ಯಾವಮ್ಮನ ಕೈಯಲ್ಲಿ ಎಲೆ ಮಡಿಸಿದ ಹಾಗೇ ಇತ್ತು. ಬಸ್ಸು ಎಡಕ್ಕೆ ತೂಗಿದಾಗ ಎಲ್ಲ ತಲೆಗಳೂ ಒಟ್ಟಿಗೆ ಎಡಕ್ಕೆ, ಬಲಕ್ಕೆ ತೂಗಿದಾಗ ಬಲಕ್ಕೆ, ಗಾಳಿಗೆ ಭತ್ತದ ಗದ್ದೆ ಬಾಗುವ ಹಾಗೆ. ಹಲೀಮಾ ಬಾಯಿ ತೆರೆದುಕೊಂಡು ಕೂಸಿನ ಹಾಗೆ ನಿದ್ದೆ ಮಾಡುತ್ತಿದ್ದಳು. ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು ಅವಳ ಮುಖ ಅಷ್ಟು ಚಿಕ್ಕದೆಂದು ನಾನು ನೋಡಿಯೇ ಇರಲಿಲ್ಲ. ಬೆಳಗಿನ ಬಿಸಿಲು ಕಿಟಕಿಯಿಂದ ಕಿಟಕಿಗೆ ಅವರ ಮುಖಗಳ ಮೇಲೆ ಹಾದುಹೋಗುತ್ತಿತ್ತು.  ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿನಲ್ಲಿ ಕೈ ತಾನಾಗಿ ಜೋಡಿಸಿಕೊಳ್ಳುತ್ತದಲ್ಲ, ಹಾಗೆ ನನ್ನ ಕೈಗಳು ಜೋಡಿಸಿಕೊಂಡವು.

ಅಂಕಯ್ಯ ಸ್ಟೇರಿಂಗನ್ನು ಹಿಡಿದಿದ್ದ ಎನ್ನುವುದಕ್ಕಿಂತ ಸವರುತ್ತಿದ್ದ. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕನ್ನಡಿಯಲ್ಲಿ. ಹಾರನ್ನಿಗೆ ಬಟ್ಟೆ ಸುತ್ತಿದ್ದ. ಹೊಲದ ಬದುವಿನ ತನಕ ತಿರುವು ತೆಗೆದುಕೊಂಡಾಗ ಒಂದು ತಲೆಯೂ ಭುಜದಿಂದ ಜಾರಲಿಲ್ಲ. ಕೆಂಪು ದೀಪ ದೂರದಲ್ಲಿ ಕಾಣಿಸಿದ್ದೇ ಬ್ರೇಕನ್ನು ಎಲೆ ಉದುರಿದ ಹಾಗೆ ತುಳಿದ. ದೀಪದ ಹತ್ತಿರ ಹೋಗಿ ತುಳಿದಿದ್ದರೆ ತಲೆಗಳು ಮುಂದಕ್ಕೆ ಮುಗ್ಗರಿಸುತ್ತಿದ್ದವು. ಹಸಿರು ಬಂತು, ಹೊರಡಲಿಲ್ಲ. ಯಾಕೆಂದು ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಯಾರೋ ಮಗ್ಗುಲು ಬದಲಿಸುತ್ತಿದ್ದರು. ಅವರು ಸರಿಯಾಗಿ ಒರಗಿಕೊಂಡ ಮೇಲೆ ಬಸ್ಸು ಜಾರಿತು. ನಾನು ತೀರಿಹೋದ ನನ್ನ ಅತ್ತೆಯಿಂದ ಕಲಿತ ಕುಡುಕನ ಲಕ್ಷಣಗಳೆಲ್ಲ ಅಲ್ಲಿ ಒಂದೂ ಬಿಡದೆ ಇದ್ದವು, ಒಂದೊಂದೂ ಯಾರದೋ ನಿದ್ದೆಯ ಕಾವಲಾಗಿತ್ತು.

ಇದನ್ನು ಯಜಮಾನರಿಗೆ ತೋರಿಸಬೇಕೆಂದು ಪಕ್ಕಕ್ಕೆ ತಿರುಗಿದೆ. ಕೋಲು ಕಾಲಬುಡದಲ್ಲಿ ಬಿದ್ದಿತ್ತು. ಕರಿಬಸಪ್ಪನವರ ತಲೆ ಹಿಂದಕ್ಕೆ ಒರಗಿ, ಮೀಸೆ ಉಸಿರಿಗೆ ಅಲ್ಲಾಡುತ್ತಿತ್ತು. ಊರೆಲ್ಲ ಬಲ್ಲ ಆ ಸಿಡುಕು ಗಂಟು ಹುಬ್ಬಿನ ನಡುವಿನಿಂದ ಬಿಚ್ಚಿಕೊಂಡುಬಿಟ್ಟಿತ್ತು. ನಾನಾದರೂ ಎಚ್ಚರವಿರಬೇಕೆಂದು ತೊಡೆ ಚಿವುಟಿಕೊಂಡೆ. ಚಿವುಟಿಕೊಂಡದ್ದೇ ಕೊನೆಯ ನೆನಪು.

ಕಣ್ಣು ಬಿಟ್ಟಾಗ ಬಸ್ಸು ನಾಲ್ಕುದಾರಿಯಲ್ಲಿ ನಿಂತಿತ್ತು. ಎಂಜಿನ್ನು ಇನ್ನೂ ಗುಂಯ್‌ಗುಡುತ್ತಿತ್ತು, ಏಕ್‌ದಮ್ ನಿಲ್ಲಿಸಿದರೆ ಬೆಚ್ಚಿಬೀಳುತ್ತಾರೆಂದು ಅಂಕಯ್ಯ ನಿಲ್ಲಿಸಿರಲಿಲ್ಲ. ಹೊರಗೆ ಊರು ಸೇರಿತ್ತು. ಕಿಟಕಿಗಳಿಂದ ಒಳಗೆ ನೋಡುತ್ತಿದ್ದವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಇಟ್ಟಿಗೆ ಲಾರಿಯವನು ಲಾರಿಯಿಂದಿಳಿದು ಟವೆಲ್ಲು ಎದೆಗೊತ್ತಿಕೊಂಡು ನಿಂತಿದ್ದ. ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಮುಖ ಒರೆಸಿಕೊಂಡು ಇಳಿದರು. ಯಜಮಾನರನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಬಿಸಿಲೇರುವ ತನಕ ಮಲಗಿ ತಾವಾಗಿಯೇ ಎದ್ದರು.

ಎದ್ದವರು ಬಸ್ಸಿನಿಂದಿಳಿದು, ಬಂದ ಗೆರೆಯ ಪಕ್ಕದಲ್ಲಿ ಸೇತುವೆಯ ತನಕ ಒಬ್ಬರೇ ನಡೆದು ಹೋಗಿ ವಾಪಸು ಬಂದರು. ಬರುವಾಗ ಅವರ ಕಣ್ಣು ಒದ್ದೆಯಾಗಿತ್ತು. ಕಟ್ಟೆ ಹತ್ತಿ ನನ್ನ ಕಡೆ ನೋಡಿದರು. "ಸಾಕಮ್ಮ, ನೀನು ಮೊದಲ್ನೇ ದಿನ ಹೇಳಿದ್ದು ತೂಗಾಡಿದೆ ಅಂತಾನೋ, ತೂಗಿದೆ ಅಂತಾನೋ?"

"ತೂಗಿದೆ ಅಂತ, ಯಜಮಾನ್ರೆ."

"ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ" ಎಂದರು. ಆಮೇಲೆ ಊರಿನ ಕಡೆ ತಿರುಗಿ ದನಿ ಎತ್ತರಿಸಿದರು. "ಈ ಗೆರೆ ತೂಗಾಡಿಲ್ಲ. ಇವನು ತೂಗಿದ್ದಾನೆ, ನಮ್ಮೂರ ಹೆಣ್ಣುಮಕ್ಕಳ್ನ ದಿನಾ ಬೆಳಗ್ಗೆ ತೂಗಿದ್ದಾನೆ. ಎರಡನೇದನ್ನೂ ತೆಗೆದುಹಾಕಿದೀನಿ."

ಚೆನ್ನಾಜಮ್ಮ ಕೂತಲ್ಲೇ ಅಳತೊಡಗಿದಳು. ಊರು ಕೇಕೆ ಹಾಕಿತು. ಅಂಕಯ್ಯ ಮಾತ್ರ ತಲೆ ಎತ್ತಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೆಂಪಗಾಗಿ, ಸೆರಗು ಎಳೆದುಕೊಂಡು ಬೇಗಬೇಗ ಮನೆಗಳ ಕಡೆ ಹೊರಟುಬಿಟ್ಟಿದ್ದರು. ಹಲೀಮಾ ನನ್ನ ಪಕ್ಕ ಹಾದುಹೋಗುತ್ತಾ "ಬಾಯಿ ತಕ್ಕೊಂಡು ಮಲಗಿದ್ನ ಸಾಕಕ್ಕ? ಅವ್ರು ನೋಡಿದ್ರ?" ಎಂದಳು. ಅಂಕಯ್ಯ ಹೆದರಿದ್ದು ಇದಕ್ಕೇ.

ಮಾರನೆಯ ಬೆಳಗ್ಗೆ ಮನೆಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಬಸ್ಸು ಹೊರಟ ಮೇಲೆ ಮಿಲ್ಲಿನ ಗೇಟಿಗೆ ಹೋಗಿ, ಆಗತಾನೆ ಬಿದ್ದ ಗೆರೆಯ ಪಕ್ಕದಲ್ಲಿ ನಡೆಯತೊಡಗಿದೆ. ಗೇಟಿನಿಂದ ಏರಿಯ ತನಕ ಅದು ನೆಟ್ಟಗಿತ್ತು. ಏರಿಯ ಮೇಲೂ ನೆಟ್ಟಗಿತ್ತು, ಪುಟ್ಟರಾಜುವಿನ ಗೆರೆಗಿಂತ ನೆಟ್ಟಗೆ. ಹಳ್ಳದ ಮೇಲೆ ಹತ್ತಿ ಇಳಿದಿತ್ತು. ನನಗೆ ಎಲ್ಲ ಕಂಡಿತು: ಹೆಂಗಸರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾರೆ, ಕಣ್ಣು ಅಗಲಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಾರೆ, ಅಂಕಯ್ಯ ಕನ್ನಡಿ ನೋಡಲು ಹೆದರಿ ರಸ್ತೆಯನ್ನೇ ನೋಡುತ್ತಿದ್ದಾನೆ.  ಹುಣಸೆಮರ ಬಂತು, ನೆಟ್ಟಗೇ ಇತ್ತು. ಕೆರೆಯ ಕೋಡಿ ಬಂತು, ನೆಟ್ಟಗೇ ಇತ್ತು. ಗೆದ್ದ ನ್ಯಾಯವನ್ನು ತೆಗೆದುಕೊಂಡು ಏನು ಮಾಡಲಿ ಎಂದು ಅಲ್ಲೇ ಕೂರಬೇಕೆನ್ನಿಸಿತು.

ಕೋಡಿ ದಾಟಿ ಸ್ವಲ್ಪ ದೂರದಲ್ಲಿ ಒಂದು ಹಳೆಯ ಹಳ್ಳವಿದೆ, ಬೊಗಸೆಯಷ್ಟು. ಅದರ ಮೊದಲು ಗೆರೆ ತುಸು ಎಡಕ್ಕೆ ಸರಿದಿತ್ತು. ನಾನು ಬಗ್ಗಿ ಬೆರಳಿಟ್ಟು ನೋಡಿದೆ. ಹಳ್ಳವನ್ನು ಬಳಸಿ ಮೆಲ್ಲಗೆ ಹಿಂದಕ್ಕೆ ಬಂದಿತ್ತು. ಮುಂದಿನದನ್ನೂ ಬಳಸಿತ್ತು, ಇನ್ನೂ ಮೆಲ್ಲಗೆ.

ಒಬ್ಬಳಿಗೆ ನಿದ್ದೆ ಹತ್ತಿತ್ತು.